ಮೊದ್ಲು ಜನ ಕಿತ್ರು, ಕುರಿ ಮೇಯ್ತು, ಈಗ ಮಳೆನೇ ಕಮ್ಮಿ: ಸಿಲ್ವರ್‌ಸ್ವೋರ್ಡ್ ಗಿಡದ ಕಥೆ

ಹವಾಯಿಯ ಮಾವಿ ದ್ವೀಪದಲ್ಲಿ ಹಲೇಅಕಲಾ ಅಂತ 3,055 ಮೀಟರ್ ಎತ್ತರದ ಜ್ವಾಲಾಮುಖಿ ಇದೆ. ನೆತ್ತಿ ಹತ್ರ ಮಣ್ಣು ಅನ್ನೋದೇ ಇಲ್ಲ, ಬರೀ ಕೆಂಪು-ಕಪ್ಪು ಬೂದಿ, ಜಲ್ಲಿ, ಹಗಲು ಸುಡೋ ಬಿಸಿಲು, ರಾತ್ರಿ ಕೊರೆಯೋ ಚಳಿ. ಸಿಲ್ವರ್‌ಸ್ವೋರ್ಡ್ ಬೆಳೆಯೋದು ಇಂಥ ಜಾಗದಲ್ಲೇ, ಹವಾಯಿಯವರು ಆಹಿನಾಹಿನಾ ಅಂತಾರೆ. ಸೂರ್ಯಕಾಂತಿ ಕುಟುಂಬದ್ದು, ಇದರ ಪೂರ್ವಜ ಲಕ್ಷಾಂತರ ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾ ಕಡೆಯಿಂದ ಸಮುದ್ರ ದಾಟಿ ಬಂದಿದ್ದು. ಎಲೆ ಮೇಲೆ ಒತ್ತಾಗಿ ಬೆಳ್ಳಿ ಬಣ್ಣದ ಕೂದಲು, ಬಿಸಿಲನ್ನ ವಾಪಸ್ ಕಳಿಸೋಕೆ. ಎಲೆಯೊಳಗೆ ಲೋಳೆ, ನೀರು ಹಿಡಿದಿಟ್ಕೊಳ್ಳೋಕೆ. 20ರಿಂದ 90 ವರ್ಷ ನೆಲಕ್ಕೆ ಅಂಟ್ಕೊಂಡು ಹಿಂಗೇ ಕೂತಿರುತ್ತೆ, ಆಮೇಲೆ ಯಾವುದೋ ಒಂದು ಬೇಸಿಗೇಲಿ ಆಳೆತ್ತರಕ್ಕೆ ಕಾಂಡ ಎಬ್ಬಿಸಿ ನೂರಾರು ಹೂ ಬಿಟ್ಟು, ಬೀಜ ಉದುರಿಸಿ ಸತ್ತೋಗುತ್ತೆ. ನಮ್ ಚಿಕ್ಕಮಗಳೂರು, ಕೊಡಗಿನ ಕುರಿಂಜಿನೂ ಒಂದೇ ಸಲ ಹೂ ಬಿಟ್ಟು ಸಾಯೋದು, ಆದ್ರೆ ಅದು ಬೆಟ್ಟಕ್ಕೆ ಬೆಟ್ಟವೇ ಒಟ್ಟಿಗೆ ಅರಳುತ್ತೆ. ಇದ್ರಲ್ಲಿ ಒಂದು ವರ್ಷ ಜಾಸ್ತಿ ಗಿಡ, ಇನ್ನೊಂದು ವರ್ಷ ಬೆರಳೆಣಿಕೆಯಷ್ಟು. ತನ್ನದೇ ಪರಾಗದಿಂದ ಸರಿಯಾಗಿ ಬೀಜ ಕಟ್ಟಲ್ಲ ಬೇರೆ, ಅಕ್ಕಪಕ್ಕದಲ್ಲಿ ಇನ್ನೊಂದು ಗಿಡ ಅದೇ ಟೈಮಿಗೆ ಹೂ ಬಿಟ್ಟಿರ್ಬೇಕು.

ಇಂಥ ಗಿಡಾನ ಜನ ಏನ್ ಮಾಡಿದ್ರು ಗೊತ್ತಾ? ಬೆಟ್ಟ ಹತ್ತಿದ್ದಕ್ಕೆ ಸಾಕ್ಷಿ ಅಂತ ಕಿತ್ಕೊಂಡು ಬರ್ತಿದ್ರು, ಇನ್ನೂ ಕೆಲವರಿಗೆ ಗಿಡಾನ ಬೇರು ಸಮೇತ ಕಿತ್ತು ಇಳಿಜಾರಲ್ಲಿ ಉರುಳಿಸೋದೇ ಮಜಾ. ಜೊತೆಗೆ ಮೇಕೆ, ದನ. 1916ರಲ್ಲಿ ಆ ಜಾಗ ನ್ಯಾಷನಲ್ ಪಾರ್ಕ್ ಆಯ್ತು ಸರಿ, ಆದ್ರೂ 1920ರ ದಶಕದ ಹೊತ್ತಿಗೆ ಗಿಡ ಇನ್ನೇನು ಮುಗೀತು ಅನ್ನೋ ಸ್ಥಿತಿ. ಆಮೇಲೆ ಕಾವಲು ಬಿಗಿಯಾಯ್ತು, ಮೇಕೆ ಓಡಿಸಿದ್ರು, ಬೇಲಿ ಹಾಕಿದ್ರು. 1930ರ ದಶಕದಲ್ಲಿ ಸುಮಾರು 4 ಸಾವಿರ ಇದ್ದಿದ್ದು 1990ರ ಆಸುಪಾಸಿಗೆ 60 ಸಾವಿರ ದಾಟ್ತು. ಈಗ್ಲೂ ಅಲ್ಲಿ ಗಿಡದ ಹತ್ರ ಹೋಗ್ಬೇಡಿ ಅಂತಾರೆ, ಯಾಕಂದ್ರೆ ಬೇರು ಮೇಲ್ಮೇಲೇ ಹರಡಿರುತ್ತೆ, ಸಡಿಲ ಬೂದಿ ಮೇಲೆ ಕಾಲಿಟ್ರೆ ಕೆಳಗೆ ಬೇರು ನಜ್ಜುಗುಜ್ಜು.

ಪಕ್ಕದಲ್ಲಿ ಹವಾಯಿ ಅನ್ನೋದೇ ಹೆಸರಿನ ಇನ್ನೊಂದು ದ್ವೀಪ ಇದೆ, ಅಲ್ಲಿನ ಮೌನಾ ಕೇಆ ಬೆಟ್ಟದಲ್ಲಿ ಇದರ ತಂಗಿ, ಅಂದ್ರೆ ಇನ್ನೊಂದು ಬಗೆಯ ಸಿಲ್ವರ್‌ಸ್ವೋರ್ಡ್ ಇದಾಳೆ, ಅವಳ ಕಥೆ ಮಾತ್ರ ಹೀಗೆ ಸುಖಾಂತ್ಯ ಆಗ್ಲಿಲ್ಲ. 1793ರ ಸುಮಾರಿಗೆ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್ ದನ, ಕುರಿ ತಂದು ಅಲ್ಲಿನ ರಾಜನಿಗೆ ಕಾಣಿಕೆ ಕೊಟ್ಟ, ಅವು ಕಾಡು ಸೇರಿ ಬೆಟ್ಟಾನೇ ಬೋಳಿಸಿದ್ವು. 1930-40ರ ದಶಕದಲ್ಲಿ ಹತ್ತಾರು ಸಾವಿರ ಕುರಿ ಹೊಡೆದ್ರು, ಆದ್ರೆ ಆಮೇಲೆ ಬೇಟೆಗಾರರಿಗೆ ಬೇಕು ಅಂತ ಕುರಿ ಉಳಿಸ್ಕೊಂಡಿದ್ದಲ್ದೆ 1960ರ ದಶಕದಲ್ಲಿ ಮೌಫ್ಲಾನ್ ಅನ್ನೋ ಇನ್ನೊಂದು ಜಾತಿ ಕಾಡುಕುರೀನೂ ತಂದು ಬಿಟ್ರು. ಸರ್ಕಾರವೇ ಹಿಂಗ್ ಮಾಡಿದ್ರೆ ಯಾರಿಗ್ ಹೇಳೋದು. ಕೊನೆಗೆ 1979ರಲ್ಲಿ ಕುರಿ, ಮೇಕೆ ತೆಗೀರಿ ಅಂತ ಕೋರ್ಟ್ ಹೇಳ್ತು, ಅದೂ ಈ ಗಿಡಕ್ಕಾಗಿ ಅಲ್ಲ, ಪಲೀಲಾ ಅನ್ನೋ ಹಕ್ಕಿಗಾಗಿ ಹಾಕಿದ್ದ ಕೇಸಲ್ಲಿ.

ಅಷ್ಟೊತ್ತಿಗೆ ಕುರಿಗೆ ಎಟುಕದ ಕಡಿದಾದ ಬಂಡೆ ಸಂದಿಲಿ ಕೆಲವೇ ಗಿಡ ಉಳಿದಿದ್ವು. 1970ರ ದಶಕದಿಂದ ನರ್ಸರಿಲಿ ಬೆಳೆಸಿ ನೆಟ್ಟಿದ್ದೇನೋ ನಿಜ, ನೂರಾರು ಗಿಡ, ಆದ್ರೆ ಅಷ್ಟೂ ಎರಡೇ ಎರಡು ತಾಯಿ ಗಿಡದ ಸಂತಾನ! ಸ್ವಂತ ಪರಾಗ ಒಪ್ಪದ ಗಿಡಕ್ಕೆ ಸುತ್ತ ಬರೀ ಅಣ್ತಮ್ಮಂದಿರನ್ನೇ ನೆಟ್ರೆ ಬೀಜ ಎಲ್ಲಿಂದ ಬರುತ್ತೆ? ಅದಕ್ಕೇ ಆಮೇಲೆ ಸಸ್ಯವಿಜ್ಞಾನಿಗಳು ಕಾಡಲ್ಲಿ ಉಳಿದ ಗಿಡ ಹೂ ಬಿಟ್ಟಾಗ ಹೋಗಿ ಪರಾಗ ತಂದು ನೆಟ್ಟ ಗಿಡಗಳ ಹೂವಿಗೆ ಕೈಯಾರೆ ಹಚ್ಚೋಕೆ ಶುರು ಮಾಡಿದ್ರು. 1986ರಲ್ಲಿ ಈ ಗಿಡ ಅಧಿಕೃತವಾಗಿ ಅಳಿವಿನಂಚಿನ ಪಟ್ಟಿ ಸೇರ್ತು.

ಗೆದ್ದಿದ್ದು ಅನ್ಕೊಂಡಿದ್ದ ಹಲೇಅಕಲಾದಲ್ಲೂ 1990ರ ನಂತರ ಲೆಕ್ಕ ಉಲ್ಟಾ ಆಯ್ತು, 2013ರಲ್ಲಿ ಬಂದ ಅಧ್ಯಯನದ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಗಿಡ ಹೋಗಿದೆ. ಈ ಸಲ ಮೇಕೆನೂ ಇಲ್ಲ, ಕೀಳೋರೂ ಇಲ್ಲ. ಬೆಟ್ಟದ ನಡುಮಟ್ಟದಲ್ಲಿ ಬೆಚ್ಚಗಿನ ಗಾಳಿಯ ಒಂದು ಪದರ ಮುಚ್ಚಳ ಹಾಕಿದಂಗೆ ಕೂತು ಮೋಡ ಮೇಲೆ ಬರೋಕೆ ಬಿಡಲ್ಲ, ಅದು ಹಿಂದಿಗಿಂತ ಜಾಸ್ತಿ ದಿನ ಕೂರ್ತಿದೆ, ಹಂಗಾಗಿ ನೆತ್ತಿಗೆ ಮಳೆ ಕಮ್ಮಿ. ಜೊತೆಗೆ ಅರ್ಜೆಂಟೀನಾ ಇರುವೆ ಬೇರೆ, 1967ರಲ್ಲೇ ಪಾರ್ಕಲ್ಲಿ ಕಾಣಿಸ್ಕೊಂಡಿದ್ದು, ಪರಾಗ ಹೊರೋ ಅಲ್ಲಿನ ಸ್ಥಳೀಯ ಜೇನುಹುಳಗಳಿಗೇ ಕಂಟಕ. ಸಾಯ್ತಿರೋದು ಜಾಸ್ತಿ ಕೆಳಗಿನ ಇಳಿಜಾರಿನ ಗಿಡಗಳು, ಮೇಲಿನವು ಸ್ವಲ್ಪ ವಾಸಿ, ಆದ್ರೆ ಹಲೇಅಕಲಾ ಅಲ್ಲಿಗೆ ಮುಗೀತು, ಅದಕ್ಕಿಂತ ಮೇಲೆ ಹತ್ತೋಕೆ ಬೆಟ್ಟವೇ ಇಲ್ಲ. ಮೌನಾ ಕೇಆ ಇನ್ನೂ ಸಾವಿರ ಮೀಟರ್‌ಗಿಂತ ಎತ್ತರ ಇದೆ, ಅಲ್ಲಿ ಜಾಗಕ್ಕೇನೂ ಕೊರತೆ ಇಲ್ಲ, ಗಿಡಗಳದ್ದೇ ಕೊರತೆ.