ಸಿನಿಮಾದಲ್ಲಿ ಅಂಗವೈಕಲ್ಯ: ‘ಶರಪಂಜರ’ ಯಾವ ಮಾದರಿಗೆ ಸೇರುತ್ತದೆ?

ಅಂಗವೈಕಲ್ಯವನ್ನು ನೋಡುವ ವೈದ್ಯಕೀಯ ಮಾದರಿಯ ಪ್ರಕಾರ ತೊಂದರೆಯ ಮೂಲವಿರುವುದು ವ್ಯಕ್ತಿಯ ದೇಹ ಅಥವಾ ಮನಸ್ಸಿನಲ್ಲಿ. ಸಾಮಾಜಿಕ ಮಾದರಿಯ ಪ್ರಕಾರ ಅದು ಆ ವ್ಯಕ್ತಿಯನ್ನು ಹೊರಗಿಡುವ ಸುತ್ತಲಿನ ಜನರಲ್ಲಿ ಮತ್ತು ವ್ಯವಸ್ಥೆಯಲ್ಲಿದೆ. ಅಂಧ ನಾಯಕಿಗೆ ಕೊನೆಯ ರೀಲಿನಲ್ಲಿ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಬಂದು ಎಲ್ಲವೂ ಸುಖಾಂತವಾಗುವ ಕಥೆ ಮೊದಲನೆಯ ಮಾದರಿಯದು ಎಂಬುದು ಬೇಗ ತಿಳಿಯುತ್ತದೆ.

ತೊಡಕಾಗುವುದು ಪುಟ್ಟಣ್ಣ ಕಣಗಾಲರ ‘ಶರಪಂಜರ’ದಂತಹ (1971) ಚಿತ್ರದಲ್ಲಿ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಕಲ್ಪನಾ ಅಭಿನಯಿಸಿದ ಕಾವೇರಿ, ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ತುತ್ತಾಗುತ್ತಾಳೆ. (ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು.) ಆಸ್ಪತ್ರೆ, ವೈದ್ಯರು, ಚಿಕಿತ್ಸೆ ಎಲ್ಲವೂ ಇರುವುದರಿಂದ ಇದನ್ನು ವೈದ್ಯಕೀಯ ಮಾದರಿಗೆ ಸೇರಿಸಬೇಕೆಂದು ತೋರುತ್ತದೆ. ಆದರೆ ತೆರೆಯ ಮೇಲೆ ವೈದ್ಯರು ಕಾಣಿಸಿಕೊಂಡ ಮಾತ್ರಕ್ಕೆ ಮಾದರಿ ನಿರ್ಧಾರವಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೆ: ಕಾಯಿಲೆ ವಾಸಿಯಾದ ಮೇಲೂ ಪಾತ್ರದ ಸಂಕಟ ಉಳಿಯುತ್ತದೆಯೇ, ಉಳಿದರೆ ಅದನ್ನು ಉಳಿಸುವವರು ಯಾರು?

ಈ ಪ್ರಶ್ನೆಯನ್ನು ಹಿಡಿದು ನೋಡಿದರೆ ಚಿತ್ರದ ರಚನೆಯೇ ಉತ್ತರ ಕೊಡುತ್ತದೆ. ಕಾವೇರಿ ಗುಣಮುಖಳಾಗುವುದು ಕಥೆಯ ಕೊನೆಯಲ್ಲಲ್ಲ. ಅವಳು ಮನೆಗೆ ಮರಳಿದ ಮೇಲೆಯೇ ನಿಜವಾದ ಕಷ್ಟ ಶುರುವಾಗುತ್ತದೆ. ನೆರೆಹೊರೆಯವರು ಅವಳನ್ನು ಇನ್ನೂ ಹುಚ್ಚಿಯೆಂದೇ ಕಾಣುತ್ತಾರೆ, ಗಂಡ ದೂರವಾಗುತ್ತಾನೆ, ಅವನಿಗೆ ಇನ್ನೊಬ್ಬಳೊಡನೆ ಸಂಬಂಧವಿರುವುದೂ ಬಯಲಾಗುತ್ತದೆ. ಸಿಟ್ಟು ಬಂದರೆ ಸಿಟ್ಟೆಂದು, ಅತ್ತರೆ ದುಃಖವೆಂದು ಒಪ್ಪಿಕೊಳ್ಳುವ ಸಾಮಾನ್ಯ ನಂಬಿಕೆ ಅವಳ ಪಾಲಿಗೆ ಇಲ್ಲವಾಗುತ್ತದೆ. ಆಸ್ಪತ್ರೆ ವಾಸಿಮಾಡಿದ್ದನ್ನು ಮನೆಯೇ ಮುರಿಯುತ್ತದೆ. ಹೀಗಾಗಿ ಚಿಕಿತ್ಸೆಯನ್ನು ಅಲ್ಲಗಳೆಯದೆಯೂ ಈ ಚಿತ್ರ ಸಾಮಾಜಿಕ ಮಾದರಿಯ ಕಡೆಗೇ ವಾಲುತ್ತದೆ.

ಅಂತ್ಯದಲ್ಲಿ ಕಾವೇರಿಯ ಮನಸ್ಸು ಮತ್ತೆ ಕದಡುವುದರಿಂದ ‘ಒಮ್ಮೆ ಹುಚ್ಚು ಹಿಡಿದರೆ ಬಿಡದು’ ಎಂಬ ಪೂರ್ವಗ್ರಹಕ್ಕೇ ಪುಷ್ಟಿ ಸಿಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಕಾರಣಗಳನ್ನು ಒಂದೊಂದಾಗಿ ನಮ್ಮ ಕಣ್ಣೆದುರೇ ಇಟ್ಟಿರುವುದರಿಂದ ಚಿತ್ರ ಆ ಆಕ್ಷೇಪವನ್ನು ಬಹುಮಟ್ಟಿಗೆ ದಾಟುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೂ ಕಲ್ಪನಾ ಅವರ ಉನ್ಮಾದದ ಅಭಿನಯ ಎಷ್ಟು ಪ್ರಬಲವಾಗಿದೆಯೆಂದರೆ, ಕಾರಣ ಮರೆತು ಉನ್ಮಾದವನ್ನಷ್ಟೇ ನೆನಪಿಟ್ಟುಕೊಳ್ಳುವ ಅಪಾಯ ಇದ್ದೇ ಇದೆ.

ಇಂತಹ ಗಂಭೀರ ಚಿತ್ರಗಳಲ್ಲದೆ, ಅಂಗವೈಕಲ್ಯವನ್ನು ಹಾಸ್ಯಕ್ಕೆ ಬಳಸುವ ಚಿತ್ರಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ನೀಡಿದ ತೀರ್ಪನ್ನು ಓದಬೇಕು. ವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯವನ್ನೂ ವಿಕಲಚೇತನರನ್ನು ಹೀಗಳೆಯುವ ಹಾಸ್ಯವನ್ನೂ ನ್ಯಾಯಾಲಯ ಅದರಲ್ಲಿ ಬೇರ್ಪಡಿಸಿತು ಮತ್ತು ಇಂತಹ ಚಿತ್ರಣದಲ್ಲಿ ವಿಕಲಚೇತನರೇ ಪಾಲ್ಗೊಳ್ಳಬೇಕೆಂದು ಹೇಳಿತು.