ಗೇಮ್‌ನಲ್ಲಿ ಸಿಕ್ಕ ನಕ್ಷತ್ರಗಳನ್ನು ಅಂಕವೆಂದು ಎಣಿಸಬಹುದೇ?

ಪ್ರಶ್ನೆ: ಮೂರನೇ ತರಗತಿಯಲ್ಲಿರುವ ನನ್ನ ಮಗಳಿಗೆ ಶಾಲೆಯಲ್ಲಿ ಟ್ಯಾಬ್ ಕೊಟ್ಟು ಗಣಿತದ ಗೇಮ್ ಆಡಿಸುತ್ತಾರೆ. ಅದರ ಸ್ಕೋರನ್ನೇ ರೂಪಣಾತ್ಮಕ ಮೌಲ್ಯಮಾಪನಕ್ಕೂ (ಪಾಠ ನಡೆಯುತ್ತಿರುವಾಗಲೇ ಕಲಿಕೆಯನ್ನು ಅಳೆಯುವುದಕ್ಕೂ) ಪರಿಗಣಿಸುವುದಾಗಿ ಹೇಳಿದ್ದಾರೆ. ಆಟದಿಂದ ನಿಜವಾಗಿಯೂ ಕಲಿಕೆಯಾಗುತ್ತದೆಯೇ? ಆ ಸ್ಕೋರನ್ನು ನಂಬಬಹುದೇ?

ಉತ್ತರ: ಕಲಿಕೆ ಒಂದು ಮಿತಿಯೊಳಗೆ ಆಗುತ್ತದೆ. ಸ್ಕೋರನ್ನು ಮಾತ್ರ ನೋಡಿ ಅಂಕ ಕೊಡುವುದಾದರೆ ಅದನ್ನು ನಂಬಲಾಗದು.

ಕಲಿಕೆಯ ಬಗ್ಗೆ ಹೇಳುವುದಾದರೆ, ಸ್ಕಾಟ್ಲೆಂಡಿನಲ್ಲಿ 32 ಪ್ರಾಥಮಿಕ ಶಾಲೆಗಳ 600ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಉಪಯುಕ್ತ. ಒಂದು ಗುಂಪಿನ ಮಕ್ಕಳು ಒಂಬತ್ತು ವಾರಗಳ ಕಾಲ ದಿನಕ್ಕೆ 20 ನಿಮಿಷ ನಿಂಟೆಂಡೊ ಡಿಎಸ್ ಎಂಬ, ಕೈಯಲ್ಲಿ ಹಿಡಿದು ಆಡುವ ಗೇಮ್ ಸಾಧನದಲ್ಲಿ ‘ಬ್ರೇನ್ ಟ್ರೇನಿಂಗ್’ ಆಟವಾಡಿದರು. ಉಳಿದವರು ಎಂದಿನಂತೆ ಪಾಠ ಕಲಿತರು. ಕೊನೆಯಲ್ಲಿ ನಡೆಸಿದ ಗಣಿತ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ಅಂಕಗಳು ಏರಿದ್ದವಾದರೂ ಆಟವಾಡಿದವರ ಏರಿಕೆ ಹೆಚ್ಚಿತ್ತು. ಪರೀಕ್ಷೆ ಮುಗಿಸಲು ಅವರಿಗೆ ಬೇಕಾದ ಸಮಯವೂ 18.5 ನಿಮಿಷದಿಂದ 13.5 ನಿಮಿಷಕ್ಕೆ ಇಳಿದಿತ್ತು. (ಆಡದ ಮಕ್ಕಳೂ ಸುಧಾರಿಸಿದ್ದರೆಂಬ ಅಂಶವನ್ನು ಗೇಮ್ ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.) ಇಲ್ಲಿ ಮುಖ್ಯವಾಗಿ ಚುರುಕಾದದ್ದು ಮನಗಣಿತದ ವೇಗ. ಮಕ್ಕಳು ಎಷ್ಟು ಕಲಿತರೆಂಬುದನ್ನು ಅಳೆದದ್ದು ಆಟದ ಸ್ಕೋರಿನಿಂದಲ್ಲ, ಪ್ರತ್ಯೇಕ ಪರೀಕ್ಷೆಯಿಂದ ಎಂಬುದನ್ನೂ ಗಮನಿಸಬೇಕು.

ಆಟದ ಸ್ಕೋರು ಏಕೆ ಸಾಲದು ಎಂಬುದಕ್ಕೆ ದಶಕ ಸಹಿತ ವ್ಯವಕಲನದ ಒಂದೇ ಲೆಕ್ಕ ಸಾಕು. 52ರಲ್ಲಿ 27 ಕಳೆದರೆ 25. ಆದರೆ ಎಷ್ಟೋ ಮಕ್ಕಳು ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲಾಗದೆ, 7ರಿಂದಲೇ 2 ಕಳೆದು, 35 ಎಂದು ಬರೆಯುತ್ತಾರೆ. ನಾಲ್ಕು ಆಯ್ಕೆಗಳನ್ನು ತೋರಿಸುವ ಗೇಮ್‌ನಲ್ಲಿ ಇದೇ ಮಗು ಮೊದಲು 35ನ್ನು ಒತ್ತಿ, ಕೆಂಪು ಗುರುತು ಕಂಡೊಡನೆ ಇನ್ನೊಂದನ್ನು, ಆಮೇಲೆ ಮತ್ತೊಂದನ್ನು ಒತ್ತುತ್ತಾ ಹೋಗಿ, 25 ತಾಗಿದಾಗ ನಕ್ಷತ್ರ ಗಳಿಸಿ, ಮುಂದಿನ ಹಂತಕ್ಕೂ ದಾಟುತ್ತದೆ. ಹತ್ತರ ಸ್ಥಾನದಿಂದ ಒಂದು ಹತ್ತನ್ನು ಬಿಡಿಸಿ ತರಬೇಕೆಂಬುದು ಅದಕ್ಕೆ ಇನ್ನೂ ಗೊತ್ತೇ ಇಲ್ಲ. ಇದಕ್ಕೆ ವಿರುದ್ಧವಾಗಿ, ಲೆಕ್ಕ ಚೆನ್ನಾಗಿ ಬಂದರೂ ಪರದೆಯ ಮೇಲೆ ಬೆರಳಾಡಿಸಿ ರೂಢಿಯಿಲ್ಲದ ಮಗು ಗಡಿಯಾರ ಓಡುವ ಆಟದಲ್ಲಿ ಹಿಂದೆ ಬೀಳಬಹುದು.

ಹಾಗೆಂದು ಗೇಮ್‌ನಿಂದ ಮೌಲ್ಯಮಾಪನ ಅಸಾಧ್ಯವೆಂದಲ್ಲ. ಮಗು ಮೊದಲು ಒತ್ತಿದ್ದು 35 ಎಂಬ ವಿವರ ದಾಖಲಾಗಿ ಶಿಕ್ಷಕರ ಕೈಗೆ ಸಿಕ್ಕರೆ, ಉತ್ತರಪತ್ರಿಕೆಗಳ ರಾಶಿಯಲ್ಲಿ ಕಣ್ತಪ್ಪಿ ಹೋಗಬಹುದಾದ ತಪ್ಪು ಅದೇ ದಿನ ಗೋಚರಿಸುತ್ತದೆ. ಆಟಕ್ಕೆ ಅಡ್ಡಿಯಾಗದಂತೆ ಇಂಥ ಸುಳಿವುಗಳನ್ನು ಕಲೆಹಾಕಿ ಮಗುವಿನ ತಿಳಿವಳಿಕೆಯನ್ನು ಊಹಿಸುವ ವಿಧಾನವನ್ನು ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕಿ ವ್ಯಾಲೆರಿ ಶೂಟ್ ‘ಸ್ಟೆಲ್ತ್ ಅಸೆಸ್‌ಮೆಂಟ್’ ಎಂಬ ಹೆಸರಿನಲ್ಲಿ ಬೆಳೆಸಿದ್ದಾರೆ. ಯಾವ ನಡೆ ಯಾವ ತಿಳಿವಳಿಕೆಗೆ ಸಾಕ್ಷಿ ಎಂಬುದನ್ನು ಆಟ ರೂಪಿಸುವಾಗಲೇ ನಿರ್ಧರಿಸಬೇಕಾದ ಶ್ರಮದ ಕೆಲಸವದು. ಯಾವುದೋ ಗೇಮ್ ಕೊಂಡು ತಂದು ಅದರ ನಕ್ಷತ್ರಗಳನ್ನು ಅಂಕಪಟ್ಟಿಗೆ ಇಳಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದ್ದರಿಂದ ಪೋಷಕರ ಸಭೆಯಲ್ಲಿ ಸ್ಕೋರು ಎಷ್ಟೆಂದು ಕೇಳುವ ಬದಲು, ಮಗಳ ತಪ್ಪುಗಳ ವಿವರ ಶಿಕ್ಷಕರಿಗೆ ಕಾಣುತ್ತದೆಯೇ, ಮೊದಲ ಯತ್ನವನ್ನೂ ಮೂರನೇ ಯತ್ನವನ್ನೂ ಗೇಮ್ ಬೇರೆಬೇರೆಯಾಗಿ ಎಣಿಸುತ್ತದೆಯೇ, ಅದೇ ಲೆಕ್ಕವನ್ನು ಸ್ಲೇಟಿನ ಮೇಲೂ ಮಾಡಿಸಿ ನೋಡಿದ್ದಾರೆಯೇ ಎಂದು ವಿಚಾರಿಸಿರಿ. ಒಂದು ಟ್ಯಾಬ್ ಎಷ್ಟು ಮಕ್ಕಳ ನಡುವೆ ಹಂಚಿಕೆಯಾಗುತ್ತದೆ ಎಂಬುದನ್ನೂ ಮರೆಯದೆ ಕೇಳಿರಿ. ನಾಲ್ವರು ಒಂದೇ ಲಾಗಿನ್‌ನಲ್ಲಿ ಸರದಿಯಂತೆ ಆಡಿದರೆ, ಆ ದಾಖಲೆ ಎಷ್ಟೇ ವಿವರವಾಗಿದ್ದರೂ ಅದರಲ್ಲಿ ನಿಮ್ಮ ಮಗಳದು ಯಾವುದೆಂದು ಬೇರ್ಪಡಿಸಲಾಗದು.