ಎಳೆದರೆ ಬರುವುದಿಲ್ಲ: ಗಾಳದ ದಾರ ಹೆಕ್ಕುವ ಲೆಕ್ಕ

ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಪಣಂಬೂರಿನಿಂದ ಮಲ್ಪೆಯವರೆಗೆ ಬೀಚ್ ಸ್ವಚ್ಛತೆ ಶುರುವಾಗುತ್ತದೆ. ಗೋಣಿ ತುಂಬ ಬಾಟಲಿ, ಚಪ್ಪಲಿ, ಥರ್ಮೋಕೋಲು, ನೀಲಿ ಹಗ್ಗದ ತುಂಡುಗಳು. ಗಾಳದ ದಾರ ಮಾತ್ರ ಕೈಗೆ ಸಿಗುವುದೇ ಕಡಿಮೆ. ಅದು ಇಲ್ಲವೆಂದಲ್ಲ, ಹುಡುಕುವ ಜಾಗ ತಪ್ಪು. ಸಿಹಿನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ, ಆ ನೀಲಿ ಪಾಲಿಪ್ರೊಪಿಲೀನ್ ಹಗ್ಗದ್ದು 0.91. ಅದು ತೇಲಿ ಬಂದು ಅಲೆ ಬಿಟ್ಟುಹೋದ ಗೆರೆಯಲ್ಲಿ ಕೂರುತ್ತದೆ. ಕಡಲನೀರಿನ ಸಾಂದ್ರತೆ ಸುಮಾರು 1.025, ಗಾಳದ ದಾರದ ನೈಲಾನಿನದು 1.14. ದಾರ ಮುಳುಗುತ್ತದೆ, ಮುಳುಗಿದಲ್ಲೇ ಸಿಕ್ಕಿಕೊಳ್ಳುತ್ತದೆ. ಸೋಮೇಶ್ವರದ ಬಂಡೆಗಳ ಸಂದಿ, ಕಾಪು ದೀಪಸ್ತಂಭದ ಬುಡದ ಕಲ್ಲು, ಅಳಿವೆಬಾಗಿಲಿನ ತಡೆಗೋಡೆ, ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಬೇರು: ನೋಡಬೇಕಾದದ್ದು ಇಲ್ಲಿ.

ಈ ದಾರ 600 ವರ್ಷ ಉಳಿಯುತ್ತದೆ ಎಂಬ ಮಾತು ಪ್ರತಿ ಬ್ಯಾನರಿನಲ್ಲೂ ಇರುತ್ತದೆ. ನೈಲಾನ್ ಹುಟ್ಟಿದ್ದೇ 1935ರಲ್ಲಿ, ಡ್ಯೂಪಾಂಟ್ ಕಂಪನಿಯಲ್ಲಿ, ವ್ಯಾಲೇಸ್ ಕ್ಯಾರೊಥರ್ಸ್ ಕೈಯಲ್ಲಿ. ಅದರ ಮೊದಲ ಮಾರುಕಟ್ಟೆ ಸರಕು ಹಲ್ಲುಜ್ಜುವ ಬ್ರಷ್ಷಿನ ಕೂದಲು. ನೂರು ತುಂಬದ ವಸ್ತುವಿನ 600ನೇ ಹುಟ್ಟುಹಬ್ಬ ಕಂಡವರು ಯಾರು? ಅದೊಂದು ಅಂದಾಜು, ಅಷ್ಟೇ. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ನೈಲಾನ್ ಪೆಡಸಾಗಿ ಚೂರಾಗುತ್ತದೆ, ಆದರೆ ಮಾಯವಾಗುವುದಿಲ್ಲ. ಬಿಸಿಲು ಕಾಣದ ಕಲ್ಲುಸಂದಿಯಲ್ಲಿ, ಕೆಸರಿನಡಿ ಆ ಕೆಲಸವೂ ತೀರಾ ನಿಧಾನ. ಹಿಂದಿನವರ ಗೋಳು ಇದಕ್ಕೆ ತದ್ವಿರುದ್ಧವಾಗಿತ್ತು. ಹತ್ತಿ, ಸಣಬಿನ ಬಲೆ ಕೊಳೆಯದಂತೆ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸಬೇಕಿತ್ತು. ಕೊಳೆಯದ ನೂಲು ಬಂದಾಗ ಅದನ್ನು ವರವೆಂದುಕೊಂಡದ್ದರಲ್ಲಿ ತಪ್ಪೇನಿಲ್ಲ.

ಇನ್ನು ಎಳೆಯುವ ವಿಷಯ. ಕಲ್ಲಿಗೆ ಸುತ್ತಿದ ದಾರ ಕಂಡರೆ ಎಲ್ಲರೂ ಮಾಡುವುದು ಒಂದೇ: ಕೈಗೆ ಸುತ್ತಿಕೊಂಡು ಜಗ್ಗುವುದು. ಅದು ಬರುವುದಿಲ್ಲ. ಗಂಟು ಬಿದ್ದಿದೆ ಎಂದುಕೊಳ್ಳುತ್ತೇವೆ, ಎಷ್ಟೋ ಸಲ ಗಂಟೇ ಇರುವುದಿಲ್ಲ. ಮಜ್ಜಿಗೆ ಕಡೆಯುವ ಮಂತಿಗೆ ಹಗ್ಗವನ್ನು ಗಂಟು ಹಾಕುತ್ತಾರೆಯೇ? ಬರೀ ಸುತ್ತುತ್ತಾರೆ, ಆದರೂ ಜಾರದೆ ಮಂತು ತಿರುಗುತ್ತದೆ. ಬೆದರಿದ ಹೋರಿಯ ಹಗ್ಗವನ್ನು ತೆಂಗಿನಮರಕ್ಕೆ ಎರಡು ಸುತ್ತು ಹಾಕಿದರೆ ಸಣ್ಣ ಹುಡುಗನೂ ಹಿಡಿದು ನಿಲ್ಲಬಲ್ಲ. ಧಕ್ಕೆಯಲ್ಲಿ ಬೋಟು ನಿಲ್ಲಿಸುವವರೂ ಗೂಟಕ್ಕೆ ಮೊದಲು ಸುತ್ತು ಹಾಕುತ್ತಾರೆ, ಗಂಟಿನ ಮಾತು ಆಮೇಲೆ. ಇದಕ್ಕೆ 18ನೇ ಶತಮಾನದಲ್ಲೇ ಆಯ್ಲರ್ ಎಂಬ ಗಣಿತಜ್ಞ ಲೆಕ್ಕ ಕಟ್ಟಿದ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ, ಅಂದರೆ ದಾರಕ್ಕೂ ಕಂಬಕ್ಕೂ ನಡುವಿನ ಉಜ್ಜಾಟದ ಅಳತೆ, 0.3 ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 6.6 ಪಟ್ಟು, ಎರಡಕ್ಕೆ 43, ಮೂರಕ್ಕೆ 286. ಆ ತುದಿಯಲ್ಲಿ 10 ಗ್ರಾಂ ಸೀಸದ ಗುಂಡು ತೂಗುತ್ತಿದ್ದರೆ, ಮೂರು ಸುತ್ತಿನ ಈಚೆ ಅದು ಸುಮಾರು 2.9 ಕಿಲೋ ಎಳೆತವನ್ನು ತಡೆಯುತ್ತದೆ.

ಈ ಲೆಕ್ಕದಲ್ಲಿ ಕಂಬದ ದಪ್ಪ ಬರುವುದೇ ಇಲ್ಲ. ಘರ್ಷಣಾಂಕ ಒಂದೇ ಆಗಿದ್ದರೆ ತಡೆಗೋಡೆಯ ಕಾಂಕ್ರೀಟಿಗೂ ಬೆಳ್ಳಕ್ಕಿಯ ಕಾಲಿಗೂ ಹಿಡಿತ ಒಂದೇ. ಆದರೆ ಕಾಲು ತೆಳುವಾದಷ್ಟೂ ಅದೇ ಎಳೆತ ಸಣ್ಣ ಜಾಗದ ಮೇಲೆ ಬೀಳುತ್ತದೆ, ದಾರ ಚರ್ಮ ಸೀಳಿ ಒಳಗಿಳಿಯುತ್ತದೆ. ಹಕ್ಕಿ ಕೊಸರಿದಷ್ಟೂ ಬಿಗಿ. ನಿಮ್ಮ ಬೆರಳಿಗೂ ಇದೇ ಗತಿ.

ಲೆಕ್ಕದಲ್ಲೇ ಬಿಡುಗಡೆಯ ದಾರಿಯೂ ಇದೆ: ಸೊನ್ನೆಯನ್ನು 286ರಿಂದ ಗುಣಿಸಿದರೂ ಸೊನ್ನೆಯೇ. ಆದ್ದರಿಂದ ಮೊದಲು ಗುಂಡು ತೂಗುವ, ಇಲ್ಲವೇ ಕೊಕ್ಕೆ ಕಚ್ಚಿಕೊಂಡ ತುದಿಯನ್ನು ಕತ್ತರಿಸಿ. ಎಳೆತ ಹೋದೊಡನೆ ಸುತ್ತು ಸಡಿಲವಾಗುತ್ತದೆ. ರೀಲಿನಲ್ಲಿದ್ದ ಸುರುಳಿಯ ನೆನಪು ನೈಲಾನಿಗಿರುವುದರಿಂದ ಕೆಲವೊಮ್ಮೆ ಅದೇ ಎದ್ದು ಕೂರುತ್ತದೆ. ಆಮೇಲೆ ಒಂದು ಗೇಣಿನ ಕೋಲಿಗೆ ಸುತ್ತಿಕೊಳ್ಳುತ್ತಾ ಹೋಗಿ, ಕೈಗೆ ಬೇಡ. ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ ಪಚ್ಚಿಲೆ ಬೆಳೆದು ದಾರವನ್ನು ಮುಚ್ಚಿದ್ದರೆ ಎರಡೂ ಬದಿ ಕತ್ತರಿಸಿ, ನಡುವಿನ ತುಂಡನ್ನು ಬಿಟ್ಟುಬಿಡಿ. ಅದಕ್ಕಾಗಿ ಪಚ್ಚಿಲೆ ಕೀಳಬೇಕಿಲ್ಲ. ಮರಳಲ್ಲಿ ಹೂತ ಬಲೆಯನ್ನು ಹತ್ತು ಜನ ಸೇರಿ ಜಗ್ಗಿದರೂ ಬಲೆ ಹರಿಯುತ್ತದೆ, ಅರ್ಧ ಒಳಗೇ ಉಳಿಯುತ್ತದೆ. ಬದಿಯ ಮರಳು ಬಗೆದು, ಒಂದೊಂದು ಮೀಟರಿನ ತುಂಡಾಗಿ ಕತ್ತರಿಸಿ ತೆಗೆಯಬೇಕು.

ಹೊತ್ತು: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ಪೂರ್ತಿ ಇಳಿಯುವ ಎರಡು ಗಂಟೆ ಮೊದಲು ಬಂಡೆಗಿಳಿದು, ನೀರು ತಿರುಗಿದೊಡನೆ ಮೇಲೆ ಬನ್ನಿ. ಇಬ್ಬಿಬ್ಬರು ಜೊತೆ, ಒಬ್ಬರು ಕತ್ತರಿಸುವಾಗ ಇನ್ನೊಬ್ಬರ ಕಣ್ಣು ಅಲೆಯ ಮೇಲಿರಲಿ. ನೂಲಿನ ಕೈಗವಸಿಗೆ ಕೊಕ್ಕೆ ಸಿಕ್ಕಿಕೊಳ್ಳುತ್ತದೆ, ಚರ್ಮದ್ದು ಒಳ್ಳೆಯದು. ಕತ್ತರಿಗಿಂತ ವಯರ್ ಕತ್ತರಿಸುವ ಕಟ್ಟರ್ ಅನುಕೂಲ, ಕೊಕ್ಕೆಯನ್ನೂ ತುಂಡರಿಸುತ್ತದೆ. ಕೊಕ್ಕೆಗಳು ಗೋಣಿಗೆ ಬೀಳಬಾರದು, ಮುಚ್ಚಳವಿರುವ ದಪ್ಪ ಡಬ್ಬಿಗೆ ಹಾಕಿ. ಸೀಸದ ಗುಂಡು ಬೇರೆ, ಅದು ಗುಜರಿಗೆ. ಜೀವವಿರುವ ಹಕ್ಕಿ ಸಿಕ್ಕಿಕೊಂಡಿದ್ದರೆ ಬಟ್ಟೆಯಿಂದ ತಲೆ ಮುಚ್ಚಿ ಉದ್ದನೆಯ ದಾರವನ್ನಷ್ಟೇ ಕತ್ತರಿಸಿ. ಮಾಂಸಕ್ಕಿಳಿದ ಕೊಕ್ಕೆ ಪಶುವೈದ್ಯರ ಕೆಲಸ. ಕಡಲಾಮೆಯಾದರೆ ನೀರಿಗೆ ದೂಡಬೇಡಿ, ಅರಣ್ಯ ಇಲಾಖೆಗೆ ಹೇಳಿ.

ಹೆಕ್ಕಿದ ರಾಶಿಗೆ ಅಲ್ಲೇ ಬೆಂಕಿ ಕೊಡುವವರಿದ್ದಾರೆ. ನೈಲಾನಿನಲ್ಲಿ ಸಾರಜನಕವಿದೆ, ಅರೆಬರೆ ಉರಿದರೆ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ. ಕಸದ ಗಾಡಿಗೇ ಹಾಕುವುದಾದರೆ ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ ಹಾಕಿ, ಕುಣಿಕೆಯಾಗುವಷ್ಟು ಉದ್ದ ಬಿಡಬೇಡಿ.

ಅಮೆರಿಕದ ಫ್ಲಾರಿಡಾದಲ್ಲಿ ಗಾಳ ಹಾಕುವ ಜಾಗಗಳಲ್ಲಿ ಪಿವಿಸಿ ಪೈಪಿನ ಡಬ್ಬಿ ನಿಲ್ಲಿಸಿ ದಾರ ಸಂಗ್ರಹಿಸುತ್ತಾರೆ. ನಮ್ಮಲ್ಲೂ ಕಷ್ಟವೇನಿಲ್ಲ: 6 ಇಂಚಿನ ಪೈಪು ಎರಡು ಅಡಿ, ಮೇಲೆ ಬಾಯಿ ಪಕ್ಕಕ್ಕೆ ತಿರುಗಿದ ಎಲ್ಬೋ, ಕೆಳಗೆ ತಿರುಗಿಸಿ ತೆಗೆಯುವ ಮುಚ್ಚಳ, ಅದಕ್ಕೆ ನೀರಿಳಿಯಲು ನಾಲ್ಕು ತೂತು. ಎಲ್ಬೋ ಇಲ್ಲದಿದ್ದರೆ ಮಳೆನೀರು ತುಂಬುತ್ತದೆ, ಕಾಗೆ ದಾರವನ್ನು ಹೊರಗೆಳೆಯುತ್ತದೆ. ಮುಚ್ಚಳಕ್ಕೆ ಅಂಟು ಹಾಕಬೇಡಿ. ಹಾಕಿದರೆ ತುಂಬಿದ ಡಬ್ಬಿ ಖಾಲಿ ಮಾಡಲು ಪೈಪನ್ನೇ ಕೊಯ್ಯಬೇಕಾಗುತ್ತದೆ.